ಕಪಟ ಗುರುವಿನ ಕಾದಂಬರಿ: ದಕ್ಷಿಣ ಕನ್ನಡದ ಪರಂಪರೆ ಮತ್ತು ಪುತ್ತೂರು, ಸುಳ್ಯ, ಕಡಬ ಸೀಮೆ

ಭಕ್ತಿಯ ಹೆಸರಿನಲ್ಲಿ ಜನರ ಹಣ, ಮೈ, ಬುದ್ಧಿ ಮೂರನ್ನೂ ಕೈವಶ ಮಾಡಿಕೊಂಡ ಒಂದು ಗುಂಪು. ಅದರ ಹಿಡಿತಕ್ಕೆ ಸಿಕ್ಕಿದ ಒಬ್ಬಳು ಹೆಣ್ಣು. ಅವಳ ಬಿಡುಗಡೆ, ಆಮೇಲೆ ಅರಳುವ ಪ್ರೇಮ, ಆ ದಾರಿಯಲ್ಲಿ ಒಂದೊಂದಾಗಿ ಬಯಲಾಗುವ ಅಪರಾಧಗಳು. ಪ್ರೇಮವನ್ನೂ ರಹಸ್ಯವನ್ನೂ ಹೀಗೆ ಒಂದೇ ನೂಲಿನಲ್ಲಿ ಪೋಣಿಸುವ ಕಾದಂಬರಿಯನ್ನು ಇಂದಿನ ಓದುಗರು ವಿದೇಶೀ ಸರಕೆಂದು ಭಾವಿಸುವುದುಂಟು. ಆದರೆ ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ವಿದ್ವಾಂಸರು ಗುರುತಿಸುವ ‘ಇಂದಿರಾಬಾಯಿ’ಯ (1899) ಹೂರಣವೇ ಇದು. ಅದು ಹುಟ್ಟಿದ್ದು ಮಂಗಳೂರಿನಲ್ಲಿ. ಅದು ಎತ್ತಿದ ಪ್ರಶ್ನೆಯನ್ನು ಮುಂದಿನ ತಲೆಮಾರಿನಲ್ಲಿ ಬೇರೊಂದು ದಾರಿಗೆ ಹೊರಳಿಸಿದವರು ಜಿಲ್ಲೆಯ ಪೂರ್ವಭಾಗದ ಘಟ್ಟದ ತಪ್ಪಲಿಗೆ, ಅಂದರೆ ಇಂದಿನ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಿಗೆ ಸೇರಿದ ಇಬ್ಬರು: ಪುತ್ತೂರಿನಲ್ಲಿ ನೆಲೆನಿಂತ ಶಿವರಾಮ ಕಾರಂತ ಮತ್ತು ಸುಬ್ರಹ್ಮಣ್ಯದ ಬಳಿಯ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನ. ಮಂಗಳೂರಿನ ಮೊದಲ ಕಾದಂಬರಿಕಾರರು ಕಪಟಿ ಸಿಕ್ಕಿಬೀಳುವ ಕಥೆ ಬರೆದರು. ಘಟ್ಟದ ಬುಡದವರು ಕಪಟಿಗೆ ಎಡೆಮಾಡಿಕೊಡುವ ಬದುಕಿನ ಕಥೆ ಬರೆದರು. ಈ ಪರಂಪರೆಯ ಮುಖ್ಯ ತಿರುವು ಇದೇ.

ಇಂದಿರಾಬಾಯಿ

ಗುಲ್ವಾಡಿ ವೆಂಕಟರಾಯರು (1844–1913) ಪೊಲೀಸ್ ಇಲಾಖೆಯಲ್ಲಿ ದುಡಿದವರು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯನ್ನು ಬರೆದಾತ ಪಂಡಿತನೂ ಅಲ್ಲ, ಪಾದ್ರಿಯೂ ಅಲ್ಲ, ಪೊಲೀಸ್ ಅಧಿಕಾರಿ ಎನ್ನುವುದನ್ನು ಸಾಹಿತ್ಯ ಚರಿತ್ರೆಗಳು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತವೆ. ಅಲ್ಲಿ ಸ್ವಲ್ಪ ನಿಲ್ಲಬೇಕು. ಲಂಚ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಮನೆತನದ ಮರ್ಯಾದೆಯ ಹೆಸರಿನಲ್ಲಿ ಯಾವುದು ಮುಚ್ಚಿಹೋಗುತ್ತದೆ, ಊರಿನ ದೊಡ್ಡವರ ಮನೆಯ ಹಿಂಬಾಗಿಲಲ್ಲಿ ಯಾರು ಬಂದು ಹೋಗುತ್ತಾರೆ ಎಂಬುದನ್ನು ಕಸುಬಿನಿಂದಲೇ ಬಲ್ಲ ಕಣ್ಣು ಆ ಪುಸ್ತಕದ ಉದ್ದಕ್ಕೂ ಇದೆ. ‘ಇಂದಿರಾಬಾಯಿ ಅಥವಾ ಸದ್ಧರ್ಮವಿಜಯ’ ಎಂಬ ಪೂರ್ಣ ಹೆಸರಿನಲ್ಲಿ ಅದನ್ನು ಮುದ್ರಿಸಿದ್ದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ. ಐದು ವರ್ಷ ಹಿಂದೆ, 1894ರಲ್ಲಿ, ಕಿಟ್ಟೆಲ್ ನಿಘಂಟು ಹೊರಬಂದದ್ದೂ ಅದೇ ಅಚ್ಚುಕೂಟದಿಂದ.

ಕಥೆ ನಡೆಯುವುದು ಕಮಲಪುರವೆಂಬ ಕಲ್ಪಿತ ಊರಿನಲ್ಲಿ. ಭೀಮರಾಯ ಅಡ್ಡದಾರಿಯಲ್ಲಿ ಹಣ ಮಾಡಿದವನು. ಹೆಂಡತಿ ಅಂಬಾಬಾಯಿ ಸಂತಮಂಡಳಿಯ ಪರಮಭಕ್ತೆ. ಮಗಳು ಇಂದಿರೆ ಬಾಲ್ಯದಲ್ಲೇ ವಿಧವೆಯಾಗುತ್ತಾಳೆ. ಹರಿನಾಮ, ಭಜನೆ, ತಾಳ, ತಂಬೂರಿಗಳ ಮರೆಯಲ್ಲಿ ಸಂತರು ಆ ಮನೆಯನ್ನು ತಮ್ಮ ಬಿಡಾರ ಮಾಡಿಕೊಂಡಿದ್ದಾರೆ. ಮಗಳು ಓದಬಾರದು, ಸಂತರ ಸೇವೆ ಮಾಡಬೇಕು ಎನ್ನುವುದು ತಾಯಿಯ ಹಟ. ಆ ಸೇವೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಲೇಖಕ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಸಂತರ ಕಾಮಕ್ಕೆ ಬಲಿಯಾಗುವ ಗಳಿಗೆಯಲ್ಲಿ ಇಂದಿರೆ ಹುಟ್ಟಿದ ಮನೆಯಿಂದ ತಪ್ಪಿಸಿಕೊಂಡು ಅಮೃತರಾಯನ ಮನೆಯನ್ನು ಸೇರುತ್ತಾಳೆ. ಅದು ಸಜ್ಜನನ ಮನೆ. ಅಲ್ಲಿ ಅವಳಿಗೆ ವಿದ್ಯೆ ಸಿಗುತ್ತದೆ. ಅದೇ ಅಮೃತರಾಯನ ಆಶ್ರಯದಲ್ಲಿ ಬೆಳೆದ ಭಾಸ್ಕರರಾಯ ಇಂಗ್ಲೆಂಡಿಗೆ ಹೋಗಿ ಓದಿ, ಅಧಿಕಾರಿಯಾಗಿ ಮರಳಿ ಬರುತ್ತಾನೆ. ಸಮುದ್ರ ದಾಟಿದ ತಪ್ಪಿಗೆ ಜಾತಿಯ ಕೋಪ ಅವನ ಮೇಲೂ ಅವನನ್ನು ಸೇರಿಸಿಕೊಂಡವರ ಮೇಲೂ ತಿರುಗುತ್ತದೆ. ಕೊನೆಗೆ ಇಂದಿರೆ–ಭಾಸ್ಕರರ ಮದುವೆಯಾಗುತ್ತದೆ. ವಿಧವೆಯ ಮರುಮದುವೆ, ಗಂಡಿನ ಸಮುದ್ರಯಾನ: ಎರಡು ನಿಷೇಧಗಳನ್ನು ಒಂದೇ ಮಂಟಪದಲ್ಲಿ ಮುರಿದ ಕಥೆ ಇದು.

ಓಡಿಹೋಗುವ ಆ ಪ್ರಸಂಗವೇ ಕಾದಂಬರಿಯ ನಡುಗಂಬ. ಗಮನಿಸಿ: ಇಂದಿರೆಯನ್ನು ಬಿಡಿಸಲು ಯಾವ ನಾಯಕನೂ ಗೋಡೆ ಹಾರಿ ಬರುವುದಿಲ್ಲ. ಅವಳು ತಾನೇ ಹೊರಡುತ್ತಾಳೆ. ಪ್ರೇಮ ಬರುವುದು ಆಮೇಲೆ, ವಿದ್ಯೆ ಸಿಕ್ಕಿದ ನಂತರ. ಹೆಣ್ಣನ್ನು ಸೆರೆಯಿಂದ ಬಿಡಿಸಿ ಬಹುಮಾನವಾಗಿ ವರಿಸುವ ಹಳೆಯ ರಮ್ಯಕಥೆಗಳ ಮಾದರಿಯನ್ನು 1899ರಲ್ಲೇ ಒಬ್ಬ ಕನ್ನಡ ಲೇಖಕ ಪಕ್ಕಕ್ಕಿಟ್ಟ ಎನ್ನುವುದು ಸಣ್ಣ ಮಾತಲ್ಲ. ಇನ್ನೊಂದು ಕಠಿಣವಾದ ಸತ್ಯವನ್ನೂ ಗುಲ್ವಾಡಿಯವರು ಕಂಡಿದ್ದರು. ಮಗಳನ್ನು ಕಪಟಿಗಳ ಕೈಗೆ ಒಪ್ಪಿಸುವುದು ಹೊರಗಿನ ಖಳನಲ್ಲ, ಹೆತ್ತ ತಾಯಿ. ಆಕೆ ದುಷ್ಟೆಯೆಂದಲ್ಲ, ನಂಬಿದವಳು. ಅಪಾಯಕಾರಿ ಪಂಥಗಳ ಬಗ್ಗೆ ಇಪ್ಪತ್ತನೆಯ ಶತಮಾನದ ಮನೋವಿಜ್ಞಾನ ಬರೆದ ಪುಟಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಈ ತಾಯಿಯ ಮುಂದೆಯೇ.

ದೋಷಗಳೂ ಇವೆ. ಸಜ್ಜನರು ಬಹಳ ಸಜ್ಜನರು, ದುರ್ಜನರಿಗೆ ಹೆಸರಿನಲ್ಲೇ ಗುರುತು. ಉಪದೇಶ ಕಥೆಯನ್ನು ಆಗಾಗ ನಿಲ್ಲಿಸುತ್ತದೆ. ಬ್ರಿಟಿಷ್ ಆಡಳಿತದ ನ್ಯಾಯದಲ್ಲಿ ಲೇಖಕನಿಗಿದ್ದ ಭರವಸೆ ಇಂದು ಓದುವವರಿಗೆ ಅತಿಯೆನಿಸುತ್ತದೆ. ಅದೇ ಜಿಲ್ಲೆಯ ಕಾಡಂಚಿನ ರೈತರು ಅರುವತ್ತೆರಡು ವರ್ಷ ಹಿಂದೆ, 1837ರ ದಂಗೆಯಲ್ಲಿ, ಆ ಆಡಳಿತವನ್ನು ಕಂಡ ಬಗೆಯೇ ಬೇರೆಯಿತ್ತು.

ಹಿನ್ನೆಲೆ

ಕಾದಂಬರಿಯ ಸಂತರು ಲೇಖಕನ ಕಲ್ಪನೆಯಿಂದ ಮಾತ್ರ ಹುಟ್ಟಿದವರಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗುಲ್ವಾಡಿಯವರದೇ ಆದ ಕರಾವಳಿಯ ಸಾರಸ್ವತ ಸಮಾಜ ಒಳಗಿಂದಲೇ ಕುದಿಯುತ್ತಿತ್ತು. 1870ರಲ್ಲಿ ಮಂಗಳೂರಿಗೆ ಬ್ರಹ್ಮಸಮಾಜ ಬಂತು. ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದರು. ಅದಕ್ಕಾಗಿ ಸ್ವಜಾತಿಯ ಬಹಿಷ್ಕಾರವನ್ನು ತಲೆಯ ಮೇಲೆ ಹೊತ್ತರು. ವಿಲಾಯತಿಗೆ ಹೋಗಿ ಬಂದವರನ್ನು ಜಾತಿಯೊಳಗೆ ಇಟ್ಟುಕೊಳ್ಳಬೇಕೇ ಎಂಬ ಜಗಳ ಮಠಗಳನ್ನೂ ಮನೆಗಳನ್ನೂ ಒಡೆದಿತ್ತು. ವಿಧವಾ ವಿವಾಹಕ್ಕೆ 1856ರಲ್ಲೇ ಕಾನೂನಿನ ಒಪ್ಪಿಗೆ ಸಿಕ್ಕಿದ್ದರೂ ಮಂಟಪ ಹತ್ತುವವರು ಬೆರಳೆಣಿಕೆಯವರು.

ಗುರುವಿನ ಅಧಿಕಾರವನ್ನು ಕೋರ್ಟಿಗೆ ಎಳೆದ ನಿಜವಾದ ಮೊಕದ್ದಮೆಯೂ ಪಶ್ಚಿಮ ಕರಾವಳಿಯಲ್ಲೇ ನಡೆದಿತ್ತು. ಬೊಂಬಾಯಿಯ ಪತ್ರಕರ್ತ ಕರ್ಸನ್‌ದಾಸ್ ಮೂಲ್ಜಿ 1860ರ ಅಕ್ಟೋಬರಿನಲ್ಲಿ ತನ್ನ ‘ಸತ್ಯಪ್ರಕಾಶ’ ಪತ್ರಿಕೆಯಲ್ಲಿ ವೈಷ್ಣವ ಮಹಾರಾಜರುಗಳು ಭಕ್ತರ ಹೆಂಗಸರನ್ನು ಕೆಡಿಸುತ್ತಿದ್ದಾರೆಂದು ಬರೆದ. ಜದುನಾಥ ಮಹಾರಾಜ ಮಾನನಷ್ಟದ ದಾವೆ ಹೂಡಿದ. 1862ರಲ್ಲಿ ನ್ಯಾಯಾಧೀಶ ಜೋಸೆಫ್ ಆರ್ನಲ್ಡ್ ಪತ್ರಕರ್ತನ ಪರವಾಗಿ ತೀರ್ಪು ಕೊಟ್ಟರು. ಧರ್ಮಗುರುವಾದರೂ ಪ್ರಶ್ನೆಗೆ ಹೊರತಲ್ಲ ಎಂಬ ಮಾತು ಆ ಮೇಲೆ ಕರಾವಳಿಯ ಓದು ಬಲ್ಲ ಮನೆಗಳಲ್ಲೆಲ್ಲ ಓಡಾಡಿತು.

ಪಂಥವನ್ನು ಪತ್ತೆಹಚ್ಚಿ ಮುಗಿಸುವ ಕಾದಂಬರಿಗೆ ಇನ್ನೂ ಹಳೆಯದೊಂದು ಮಾದರಿ ಕನ್ನಡ ನೆಲದ ಪಕ್ಕದಲ್ಲೇ ಇದೆ. ಠಕ್ಕರೆಂಬ ಕೊಲೆಗಡುಕ ಪಂಥದ ಬಗ್ಗೆ 1839ರಲ್ಲಿ ಪ್ರಕಟವಾಗಿ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ ಕಾದಂಬರಿಯನ್ನು ಬರೆದ ಫಿಲಿಪ್ ಮೆಡೋಸ್ ಟೇಲರ್ ಮುಂದೆ ಸುರಪುರ ಸಂಸ್ಥಾನದಲ್ಲಿ ವರ್ಷಗಟ್ಟಲೆ ಅಧಿಕಾರಿಯಾಗಿದ್ದವನು. ಅವನ ಪುಸ್ತಕದಲ್ಲಿ ಸಾಮ್ರಾಜ್ಯ ಬಂದು ಭಾರತೀಯರನ್ನು ಭಾರತೀಯರಿಂದ ಕಾಪಾಡುತ್ತದೆ. ಗುಲ್ವಾಡಿಯವರಲ್ಲಿ ಆ ಕೆಲಸ ಮಾಡುವವರು ಅದೇ ಊರಿನ, ಅದೇ ಜಾತಿಯ ಜನ. ಈ ವ್ಯತ್ಯಾಸ ದೊಡ್ಡದು.

ವಾಗ್ದೇವಿ

‘ಇಂದಿರಾಬಾಯಿ’ ಬಂದ ಆರು ವರ್ಷಕ್ಕೆ, 1905ರಲ್ಲಿ, ಬೋಳಾರ ಬಾಬುರಾವ್ ‘ವಾಗ್ದೇವಿ’ ಪ್ರಕಟಿಸಿದರು. ಇಲ್ಲಿ ಕಥೆ ಮಠದ ಒಳಗೇ ನಡೆಯುತ್ತದೆ. ಕುಮುದಪುರದ ಯತಿ ಚಂಚಲನೇತ್ರ ಗೃಹಿಣಿಯಾದ ವಾಗ್ದೇವಿಯ ರೂಪಕ್ಕೆ ಮರುಳಾಗುತ್ತಾನೆ. ಆ ಮೇಲೆ ಮಠದ ಪಾರುಪತ್ಯ, ಹಣ, ಮುಂದಿನ ಪಟ್ಟ, ಎಲ್ಲವೂ ಆ ಮೋಹದ ಸುತ್ತ ತಿರುಗುತ್ತವೆ. ಸುಧಾರಣೆಯ ಬಾವುಟವನ್ನು ಬಾಬುರಾಯರು ಎತ್ತುವುದಿಲ್ಲ. ಗೆಲ್ಲಲೇಬೇಕಾದ ನಾಯಕ–ನಾಯಕಿಯರೂ ಇಲ್ಲ. ಕಚೇರಿ, ಕೊತ್ವಾಲ, ಗುಮಾಸ್ತ, ದಲ್ಲಾಳಿಗಳು ಧರ್ಮದ ಹೆಸರಿನಲ್ಲಿ ನಡೆಸುವ ವ್ಯವಹಾರವನ್ನು ಅವರು ಒಂದಿಷ್ಟೂ ಕದಲದ ಕಣ್ಣಿನಿಂದ ನೋಡುತ್ತಾರೆ. ಕುತೂಹಲ ಕೆರಳಿಸುವ ಕಲೆಯಲ್ಲಿ ಈ ಕಾದಂಬರಿ ‘ಇಂದಿರಾಬಾಯಿ’ಗಿಂತ ಮುಂದಿದೆ ಎಂದೇ ಹೇಳಬೇಕು. ಓದುಗರ ನೆನಪಿನಿಂದ ಇದು ಜಾರಿಹೋದದ್ದು ಕನ್ನಡಕ್ಕಾದ ನಷ್ಟ. ಗುಲ್ವಾಡಿ ಅಣ್ಣಾಜಿರಾಯರ ‘ರೋಹಿಣಿ’ಯೂ ಇದೇ ಕಾಲದ್ದು.

ಘಟ್ಟದ ಬುಡ

ಈ ಕಾದಂಬರಿಗಳು ಅಚ್ಚಾಗುವಾಗ ಇಂದಿನ ಪುತ್ತೂರು, ಸುಳ್ಯ, ಕಡಬದ ಪ್ರದೇಶ ಉಪ್ಪಿನಂಗಡಿ ತಾಲೂಕಿನಲ್ಲಿತ್ತು. ಮಂಗಳೂರಿನ ಬೀದಿಗಳಿಗೂ ಇಲ್ಲಿಗೂ ಬದುಕಿನಲ್ಲಿ ಬಹಳ ಅಂತರ. ಇಲ್ಲಿ ಊರೆಂದರೆ ಸಾಲುಮನೆಗಳಲ್ಲ. ಒಂದು ತೋಟ, ಅದರ ನಡುವೆ ಒಂದು ಮನೆ. ಮುಂದಿನ ಮನೆಗೆ ಒಂದು ಗುಡ್ಡ ಹತ್ತಿ ಇಳಿಯಬೇಕು. ಮಳೆಗಾಲದಲ್ಲಿ ತೋಡಿಗೆ ಹಾಕಿದ ಅಡಿಕೆಮರದ ಸಂಕ ಕೊಚ್ಚಿಹೋದರೆ ಆಚೆ ಮನೆಯವರ ಮುಖ ಕಾಣಲು ದಿನಗಳು ಬೇಕು. ಕಾಯಿಲೆ ಬಂದರೆ, ಹಸು ಹಾಲು ಕೊಡದಿದ್ದರೆ, ಮಗಳ ಮದುವೆ ತಡವಾದರೆ ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ. ಹಲಗೆಯ ಮೇಲೆ ಕವಡೆಗಳು ಸರಿಯುತ್ತವೆ. ಮನೆಯವರು ಉಸಿರು ಬಿಗಿಹಿಡಿದು ಕೂತಿರುತ್ತಾರೆ. ನಾಗನ ದೋಷವೋ, ಕುಲೆಗಳ (ಸತ್ತವರ ಆತ್ಮಗಳ) ಅತೃಪ್ತಿಯೋ, ಮರೆತ ಹರಕೆಯೋ ಎಂಬುದು ಅಲ್ಲಿ ತೀರ್ಮಾನವಾಗಿ, ಪರಿಹಾರದ ಪಟ್ಟಿ ತಯಾರಾಗುತ್ತದೆ. ಸುಬ್ರಹ್ಮಣ್ಯದ ಆಶ್ಲೇಷ ಬಲಿಗೂ ಸರ್ಪಸಂಸ್ಕಾರಕ್ಕೂ ನಾಡಿನಾದ್ಯಂತದಿಂದ ಜನ ಬರುವುದು ಇದೇ ದಾರಿಯಲ್ಲಿ.

ಇಲ್ಲಿ ಒಂದು ಎಚ್ಚರ ಅಗತ್ಯ. ತುಳುನಾಡಿನ ದೈವಾರಾಧನೆ, ನಾಗಾರಾಧನೆಗಳನ್ನು ಹೊರಗಿನ ಬರಹಗಾರರು ರೋಚಕತೆಗಾಗಿ ವಾಮಾಚಾರದ ಜೊತೆ ಕಟ್ಟಿಹಾಕುವುದುಂಟು. ಅದು ತಪ್ಪು. ಅಪಾಯಕಾರಿ ಪಂಥದ ಲಕ್ಷಣಗಳೇ ಬೇರೆ: ಒಬ್ಬನೇ ಗುರು, ಅವನ ಮಾತಿಗೆ ಎದುರಿಲ್ಲ, ಭಕ್ತ ನೆಂಟರಿಂದ ದೂರವಾಗಬೇಕು, ಆಸ್ತಿ ಗುರುವಿಗೆ ಸೇರಬೇಕು, ಬಿಟ್ಟುಹೋಗುವವನಿಗೆ ಬೆದರಿಕೆ. ದೈವದ ಕೋಲದಲ್ಲಿ ಇದಕ್ಕೆ ತದ್ವಿರುದ್ಧವಾದ ಏರ್ಪಾಡಿದೆ. ಗುತ್ತಿನವರು, ಊರವರು, ಪಾತ್ರಿ, ಮಧ್ಯಸ್ಥ ಎಲ್ಲರೂ ಸೇರಿದ ಕಣದಲ್ಲಿ ದೈವ ನುಡಿ ಕೊಡುತ್ತದೆ. ನೊಂದವರು ಅಲ್ಲೇ ನಿಂತು ದೂರು ಹೇಳಬಹುದು. ಅದರೊಳಗೆ ಜಾತಿಯ ಮೇಲುಕೀಳು ಇದೆ, ಅನ್ಯಾಯವೂ ಇದೆ. ಆದರೆ ಅದು ಒಬ್ಬನ ಗುಟ್ಟಿನ ಸಾಮ್ರಾಜ್ಯವಲ್ಲ, ಊರು ಕೂಡಿ ನಡೆಸುವ ಆರಾಧನೆ.

ಈ ಆರಾಧನೆಯೊಳಗಿನ ಬಿಗಿತವನ್ನು ಕಾರಂತರು ಪುತ್ತೂರಿನ ದಿನಗಳಲ್ಲಿ ಬರೆದ ‘ಚೋಮನ ದುಡಿ’ (1933) ತೋರಿಸಿದೆ. ಬೇಸಾಯಕ್ಕೆ ತುಂಡು ನೆಲ ಸಿಗುವುದಾದರೆ ಮತ ಬಿಡಲೂ ಸಿದ್ಧನಾಗಿ ಹೊರಟ ಹೊಲೆಯರ ಚೋಮನ ಕಾಲು ಪಂಜುರ್ಲಿಯ ನೆನಪಿಗೆ ತಡೆದು ನಿಲ್ಲುತ್ತದೆ. ಅವನನ್ನು ಯಾವ ಗುರುವೂ ಹಿಡಿದಿಟ್ಟಿಲ್ಲ. ಹಿಡಿದಿಟ್ಟದ್ದು ಎದೆಯೊಳಗಿನ ದೈವ, ಹೊರಗಿನ ಧಣಿ.

ಸ್ವಾಮಿಯ ವೇಷ, ರೈತರ ದಂಗೆ

ನಿರಂಜನ (1924–1992) ಎಂಬ ಹೆಸರಿನಲ್ಲಿ ಬರೆದ ಕುಳ್ಕುಂದ ಶಿವರಾಯರ ಹುಟ್ಟೂರು ಹಳೆಯ ಸುಳ್ಯ ತಾಲೂಕಿನಲ್ಲಿತ್ತು, ಈಗ ಕಡಬಕ್ಕೆ ಸೇರಿದೆ. ಬಾಲ್ಯದ ಓದು ಸುಳ್ಯದಲ್ಲಿ. ಅವರ ‘ಕಲ್ಯಾಣಸ್ವಾಮಿ’ ಕಾದಂಬರಿಗೆ ವಸ್ತು 1837ರ ಅಮರ ಸುಳ್ಯದ ದಂಗೆ. ಕಪಟ ಗುರುವಿನ ಕಥೆಗಳ ಸಾಲಿನಲ್ಲಿ ಇದನ್ನು ಇಟ್ಟು ನೋಡಿದವರು ಕಡಿಮೆ. ಇಟ್ಟು ನೋಡಿದರೆ ಇಡೀ ಪ್ರಶ್ನೆಯೇ ತಲೆಕೆಳಗಾಗುತ್ತದೆ.

1834ರಲ್ಲಿ ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಇಳಿಸಿದ ಕಂಪನಿ ಸರ್ಕಾರ ಅಮರ, ಸುಳ್ಯ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ರಾಜನ ಕಾಲದಲ್ಲಿ ಬೆಳೆದ ವಸ್ತುವಿನ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿಯೇ ಕಟ್ಟಬೇಕಾಯಿತು. ನಾಣ್ಯ ಹುಟ್ಟದ ಕಾಡಿನಲ್ಲಿ ರೈತ ಸಾಲಗಾರನಾದ. ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ದಂಗೆ ರೂಪುಗೊಂಡಿತು. ಆದರೆ ಜನ ಒಟ್ಟಾಗಿ ಏಳಲು ಒಬ್ಬ ರಾಜ ಬೇಕು. ಹಾಲೇರಿ ಮನೆತನದ ವಾರಸುದಾರನೆಂದು ಹೇಳಿಕೊಂಡು ಜಂಗಮನ ವೇಷದಲ್ಲಿ ಓಡಾಡುತ್ತಿದ್ದ ಕಲ್ಯಾಣಸ್ವಾಮಿ ಅಷ್ಟರಲ್ಲಿ ಬ್ರಿಟಿಷರ ಸೆರೆಯಲ್ಲಿದ್ದ. ನಾಯಕರು ಪುಟ್ಟಬಸಪ್ಪನೆಂಬ ರೈತನಿಗೆ ಕಾವಿ ತೊಡಿಸಿ ಅವನನ್ನೇ ಕಲ್ಯಾಣಸ್ವಾಮಿಯೆಂದು ಸಾರಿದರು. ಹಾಲೇರಿ ವಂಶದ ಮೂಲಪುರುಷನೇ ಜಂಗಮನಾಗಿ ಬಂದು ರಾಜ್ಯ ಕಟ್ಟಿದವನೆಂಬ ಐತಿಹ್ಯ ಜನಮನದಲ್ಲಿ ಇದ್ದುದರಿಂದ ವೇಷ ಕೂಡಲೇ ನಾಟಿತು. ಬೆಳ್ಳಾರೆಯ ಖಜಾನೆ ದಂಗೆಯವರ ಕೈಸೇರಿತು. ಪುತ್ತೂರಿನ ದಾರಿಯಾಗಿ ಇಳಿದ ದಂಡು 1837ರ ಏಪ್ರಿಲ್ 5ರಂದು ಮಂಗಳೂರನ್ನು ಹಿಡಿದು ಬಾವುಟಗುಡ್ಡೆಯಲ್ಲಿ ತನ್ನ ಧ್ವಜ ಏರಿಸಿತು. ಎರಡು ವಾರದೊಳಗೆ ಸೇನೆ ಬಂದು ಎಲ್ಲವನ್ನೂ ಅಡಗಿಸಿತು. ಪುಟ್ಟಬಸಪ್ಪನೂ ಸಂಗಡಿಗರೂ ಗಲ್ಲಿಗೇರಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಮಡಿಕೇರಿಯಲ್ಲಿ ನೇಣಿಗೇರಿಸಲಾಯಿತು.

ಬ್ರಿಟಿಷರ ದೃಷ್ಟಿಯಲ್ಲಿ ಇದು ಒಬ್ಬ ಠಕ್ಕ ಸಂನ್ಯಾಸಿ ಮುಗ್ಧರನ್ನು ಕೆರಳಿಸಿದ ಪ್ರಕರಣ. ಪೇಟೆಯವರ ಬಾಯಲ್ಲಿ ಅದು ‘ಕಲ್ಯಾಣಪ್ಪನ ಕಾಟಕಾಯಿ’, ಅಂದರೆ ಲೂಟಿಯ ಗದ್ದಲ. ನಿರಂಜನರು ಆ ವೇಷದ ಒಳಗೆ ಹೊಕ್ಕು ನೋಡಿದರು. ಸ್ವಾಮಿ ನಕಲಿ, ಅವನ ಹಿಂದೆ ನಡೆದವರ ಕಷ್ಟ ಅಸಲಿ. ನಂಬಿಕೆಯನ್ನು ಬಳಸಿಕೊಳ್ಳುವುದೆಲ್ಲ ಮೋಸವೇ? ಪುಟ್ಟಬಸಪ್ಪ ಕೊರಳು ಕೊಟ್ಟಿದ್ದಾನೆ. ಕಮಲಪುರದ ಸಂತರು ಏನನ್ನೂ ಕೊಟ್ಟವರಲ್ಲ. ಪಂಥ ಯಾವುದು, ಚಳವಳಿ ಯಾವುದು ಎಂದು ಬೇರ್ಪಡಿಸಲು ಇದಕ್ಕಿಂತ ನೇರವಾದ ಅಳತೆ ಸಿಗದು. ಪುರೋಹಿತಶಾಹಿಯ ಹಿಡಿತದ ವಿರುದ್ಧ ಸಾಮಾನ್ಯರು ಎದ್ದು ನಿಲ್ಲುವ ಕಥೆಯನ್ನು ಅವರು ಮುಂದೆ ‘ಮೃತ್ಯುಂಜಯ’ದಲ್ಲಿ (1976) ಪ್ರಾಚೀನ ಈಜಿಪ್ಟಿಗೆ ಕೊಂಡೊಯ್ದರು.

ಕಾರಂತರ ಪುತ್ತೂರು

ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು (1902–1997) ಬದುಕಿನ ಬಹುಭಾಗ ಕಳೆದದ್ದು ಪುತ್ತೂರಿನಲ್ಲಿ. ಪರ್ಲಡ್ಕದ ಬಾಲವನ ಅವರ ಮನೆ, ಶಾಲೆ, ರಂಗಶಾಲೆ ಎಲ್ಲವೂ ಆಗಿತ್ತು. ಹರ್ಷ ಎಂಬ ಹೆಸರಿನಲ್ಲಿ ಪ್ರಕಟಣೆಯನ್ನೂ ಅಲ್ಲಿಂದಲೇ ನಡೆಸಿದರು. ಯೌವನದಲ್ಲಿ ಕಾಲೇಜು ಬಿಟ್ಟು ಗಾಂಧಿ ಚಳವಳಿಗೆ ಇಳಿದ ಕಾರಂತರಿಗೆ ಸಂನ್ಯಾಸದ ಸೆಳೆತವೂ ಒಮ್ಮೆ ಇತ್ತು. ಒಳಗೆ ಹೋಗಿ ನೋಡಿ ಹೊರಬಂದವರು ಬರೆದ ಕಾದಂಬರಿಗಳೆಂಬುದು ಅವರ ‘ಸಂನ್ಯಾಸಿಯ ಬದುಕು’, ಲೋಕೋದ್ಧಾರದ ಸೋಗನ್ನು ಹೆಸರಿನಲ್ಲೇ ಕೆಣಕುವ ‘ಜಗದೋದ್ಧಾರ ನಾ’ ಮುಂತಾದವುಗಳನ್ನು ಓದುವಾಗ ಗೊತ್ತಾಗುತ್ತದೆ. ಅವರ ಸಿಟ್ಟು ಗುರುವಿನ ಮೇಲಿರುವಷ್ಟೇ ಗುರುವನ್ನು ಬೇಡುವವರ ಮೇಲೂ ಇದೆ. ಮರುಕವೂ ಹಾಗೆಯೇ.

ಈ ಲೇಖನದ ವಸ್ತುವಿಗೆ ಎಲ್ಲಕ್ಕಿಂತ ಹತ್ತಿರದ್ದು ‘ಸರಸಮ್ಮನ ಸಮಾಧಿ’ (1937). ಗಂಡನ ಚಿತೆಯೇರಿ ಮಹಾಸತಿಯಾದಳೆಂದು ಪೂಜೆಗೊಳ್ಳುವ ಸರಸಮ್ಮನ ಸಮಾಧಿಗೆ ಊರ ಹೆಂಗಸರು ಹರಕೆ ಹೊರುತ್ತಾರೆ. ಬೇಡುವುದು ದಾಂಪತ್ಯದ ಸುಖವನ್ನು. ಚಂದ್ರಯ್ಯನೆಂಬ ಕುತೂಹಲಿ ಅಲ್ಲಿಗೆ ಬಂದು ಈ ಹೆಂಗಸರ ಮನೆಗಳ ಒಳಗನ್ನು ಒಂದೊಂದಾಗಿ ಕಾಣುತ್ತಾನೆ. ದೆವ್ವ, ಸಮಾಧಿ, ಇರುಳು ಎಲ್ಲ ರಹಸ್ಯ ಕಾದಂಬರಿಯ ಸಾಮಗ್ರಿಗಳೇ. ಆದರೆ ಬಯಲಾಗುವುದು ಯಾವ ಕೊಲೆಗಾರನ ಹೆಸರೂ ಅಲ್ಲ. ಒಂದು ಕಲ್ಲಿನ ಕಟ್ಟೆಯನ್ನು ಇಷ್ಟು ಹೆಂಗಸರು ಸುತ್ತುವುದಕ್ಕೆ ಕಾರಣ ಅವರವರ ಮನೆಯಲ್ಲೇ ಇದೆ ಎಂಬುದು ಬಯಲಾಗುತ್ತದೆ. ಸಮಾಧಿಯನ್ನು ಅಗೆದುಹಾಕಿದರೆ ಅವರು ಇನ್ನೊಂದನ್ನು ಹುಡುಕಿಕೊಳ್ಳುತ್ತಾರೆ. ಬಾಳು ಸರಿಯಾದರೆ ಸಮಾಧಿಗೆ ತಾನಾಗಿ ಹುಲ್ಲು ಬೆಳೆಯುತ್ತದೆ. ಕಾರಂತರು ಇದನ್ನು ಬರೆದದ್ದು ಜಾತಿಯ ಹಂಗು ಬಿಟ್ಟು ಲೀಲಾ ಆಳ್ವರನ್ನು ಮದುವೆಯಾದ ಮಾರನೆಯ ವರ್ಷ ಎಂಬುದನ್ನೂ ಜೊತೆಗಿಟ್ಟು ಓದಬೇಕು. ದಾಂಪತ್ಯವೆಂದರೆ ಏನಾಗಿರಬಲ್ಲದು ಎಂಬ ಪ್ರಶ್ನೆ ಅವರಿಗಾಗ ಪುಸ್ತಕದ ಮಾತಷ್ಟೇ ಆಗಿರಲಿಲ್ಲ.

ಅವರ ಪ್ರೇಮಕಥೆಯೂ ಇದೇ ಮಣ್ಣಿನದು. ಸುಬ್ರಹ್ಮಣ್ಯದ ಕಾಡಿನಲ್ಲಿ ದಾರಿ ತಪ್ಪಿದವನೊಬ್ಬ ಹೇಳುವ ‘ಬೆಟ್ಟದ ಜೀವ’ದಲ್ಲಿ (1943) ಮುದುಕ ಗೋಪಾಲಯ್ಯ ಮತ್ತು ಶಂಕರಿಯ ನಡುವಿನ ಒಲವು, ಮನೆಬಿಟ್ಟು ಹೋದ ಮಗ ಶಂಭುವಿನ ಸುಳಿವಿಗಾಗಿ ಅವರ ಕಾಯುವಿಕೆ, ಎರಡೂ ಹೆಣೆದುಕೊಂಡಿವೆ. ಕನ್ನಡದಲ್ಲಿ ಇದಕ್ಕಿಂತ ತುಂಬಿದ ದಾಂಪತ್ಯ ಚಿತ್ರ ಸಿಗುವುದು ಕಷ್ಟ.

‘ಮೂಕಜ್ಜಿಯ ಕನಸುಗಳು’ (1968) ಈ ಚರ್ಚೆಗೆ ಇನ್ನೊಂದು ತುದಿಯನ್ನು ಕೊಡುತ್ತದೆ. ವಸ್ತುವೊಂದನ್ನು ಕೈಯಲ್ಲಿ ಹಿಡಿದರೆ ಅದರ ಹಿಂದಿನ ಬದುಕು ಅಜ್ಜಿಗೆ ಕಾಣುತ್ತದೆ. ಇಂಥ ಶಕ್ತಿಯೊಂದಿದ್ದರೆ ಪೀಠ, ಪಲ್ಲಕ್ಕಿ, ಕಾಣಿಕೆ ಡಬ್ಬಿ, ಸಾಲುಗಟ್ಟಿದ ಭಕ್ತರು ಬರಲು ಎಷ್ಟು ಹೊತ್ತು ಬೇಕು? ಬಾಲವಿಧವೆಯಾದ ಆ ಮುದುಕಿ ಅದನ್ನು ಮೊಮ್ಮಗ ಸುಬ್ಬರಾಯನ ಜೊತೆಗಿನ ಮಾತಿಗಷ್ಟೇ ಇಟ್ಟುಕೊಂಡಳು. ಅವನು ಎದುರು ಪ್ರಶ್ನೆ ಕೇಳಿದರೆ ಅವಳಿಗೆ ಸಂತೋಷ. ಪ್ರಶ್ನೆ ಕೇಳಿಸಿಕೊಳ್ಳುವ ಜ್ಞಾನಿಯ ಚಿತ್ರ ಇದು. ಎಲ್ಲ ಕಪಟ ಗುರುಗಳಿಗೂ ಕಾರಂತರು ಕೊಟ್ಟ ಉತ್ತರವೆಂದು ಇದನ್ನು ಓದಬಹುದು. ಈ ಕೃತಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂತು. ಕಾರಂತರು ‘ಬಾಲಪ್ರಪಂಚ’ವನ್ನೂ ನಿರಂಜನರು ‘ಜ್ಞಾನ ಗಂಗೋತ್ರಿ’ಯನ್ನೂ ಮಕ್ಕಳ ಕೈಗಿತ್ತ ವಿಶ್ವಕೋಶಕಾರರು ಎಂಬುದೂ ಕಾಕತಾಳೀಯವೆನಿಸದು. ಮಗುವಿಗೆ ಲೋಕವನ್ನು ವಿವರಿಸಿ ಹೇಳುವವರಿಗೆ ಗುಟ್ಟಿನ ವಿದ್ಯೆಯ ಮೇಲೆ ಗೌರವ ಉಳಿಯುವುದಿಲ್ಲ.

ಜನಪ್ರಿಯ ಧಾರೆ

1950ರ ನಂತರ ಎನ್. ನರಸಿಂಹಯ್ಯ, ಟಿ. ಕೆ. ರಾಮರಾವ್ ಮೊದಲಾದವರ ಪತ್ತೆದಾರಿ ಹಾಗೂ ರೋಚಕ ಕಾದಂಬರಿಗಳು ಬಾಡಿಗೆ ಪುಸ್ತಕದಂಗಡಿಗಳ ಮೂಲಕ ಹಳ್ಳಿಹಳ್ಳಿ ಮುಟ್ಟಿದವು. ಕಳ್ಳಸ್ವಾಮಿ ಅಲ್ಲಿ ಒಂದು ಸಿದ್ಧಪಾತ್ರವಾದ. ಯಂಡಮೂರಿ ವೀರೇಂದ್ರನಾಥರ ತೆಲುಗು ‘ತುಳಸೀದಳ’ ಕನ್ನಡಕ್ಕೆ ಬಂದು, 1985ರಲ್ಲಿ ಚಲನಚಿತ್ರವೂ ಆಗಿ, ಮಾಟದ ಭಯವನ್ನು ಮನೆಮನೆಯ ಮಾತಾಗಿಸಿತು. ಮಾಟವನ್ನು ಪ್ರಶ್ನಿಸುವ ನೆಪದಲ್ಲಿ ಅದರ ಭಯವನ್ನೇ ಮಾರುವ ಈ ಬಗೆಯ ಬರವಣಿಗೆ ಗುಲ್ವಾಡಿಯವರ ಹಾದಿಯಿಂದ ಹಿಂದಕ್ಕೆ ಇಟ್ಟ ಹೆಜ್ಜೆ. ಬಿ. ವಿ. ವೈಕುಂಠರಾಜು ಅವರ ‘ಉದ್ಭವ’ ಅದಕ್ಕಿಂತ ಆರೋಗ್ಯಕರ: ಗಣಪತಿಯನ್ನು ಉದ್ಭವಗೊಳಿಸುವವರ ಲೆಕ್ಕಾಚಾರವನ್ನು ಅದು ಬಿಡಿಸಿಡುತ್ತದೆ. ಪ್ರೇಮ ಮತ್ತು ರಹಸ್ಯದ ಹೆಣಿಗೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ (1994) ಮೇಲುಗೈ. ಕಾಡಿನ ಕಳ್ಳಸಾಗಣೆಯ ಜಾಲಕ್ಕೆ ಸಿಕ್ಕಿಬಿದ್ದ ಸುರೇಶ, ಗೌರಿ ಎಂಬ ದಂಪತಿಯ ಆ ಕಥೆಯಲ್ಲಿ ಪಂಥವಿಲ್ಲ; ಕಾಣದ ಕೈಗಳ ಭಯವಿದೆ. ದೂರದ ಜಪಾನಿನಲ್ಲೂ ಪಂಥದ ಕಥೆ ಬಂತು. ಅಲ್ಲಿನ ಹರುಕಿ ಮುರಕಾಮಿ, 1995ರಲ್ಲಿ ಟೋಕಿಯೊ ಮೆಟ್ರೋದಲ್ಲಿ ಓಂ ಶಿನ್ರಿಕ್ಯೊ ಪಂಥ ವಿಷಾನಿಲ ಬಿಟ್ಟ ಘಟನೆಯ ನಂತರ ಬದುಕುಳಿದವರನ್ನು ಮಾತಾಡಿಸಿ ಪುಸ್ತಕ ಮಾಡಿದ. ಮುಂದೆ ‘1ಕ್ಯೂ84’ ಕಾದಂಬರಿಯಲ್ಲಿ ಗುಟ್ಟಿನ ಪಂಥವೊಂದನ್ನು ಇಬ್ಬರು ಪ್ರೇಮಿಗಳ ದಾರಿಗೆ ಅಡ್ಡ ನಿಲ್ಲಿಸಿದ. ‘ಇಂದಿರಾಬಾಯಿ’ ಬಂದು ನೂರಹತ್ತು ವರ್ಷ ಕಳೆದ ಮೇಲೂ ಕಥೆಯ ಎಲುಬುಗೂಡು ಕಮಲಪುರದ್ದೇ.

ಕಾನೂನು

ಇಂದಿರೆಗೆ ಸಿಕ್ಕಿದ್ದು ಒಬ್ಬ ಸಜ್ಜನನ ಮನೆ ಮಾತ್ರ. ಇಂದು ಅದೇ ಜಿಲ್ಲೆಯ ಹೆಣ್ಣುಮಗಳಿಗೆ ಕಾನೂನೂ ಇದೆ. ಅಲ್ಲಿಗೆ ಬಂದ ದಾರಿ ಸುಲಭದ್ದಾಗಿರಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದಾಗ ಅದಕ್ಕೆ ಬಂದ ವಿರೋಧ ಅಷ್ಟಿಷ್ಟಲ್ಲ. ಮಂಗಳೂರಿನ ನರೇಂದ್ರ ನಾಯಕರು ಹಳ್ಳಿಶಾಲೆಗಳಲ್ಲಿ ಪವಾಡಗಳ ಗುಟ್ಟು ಬಿಚ್ಚಿ ತೋರಿಸುವ ಕೆಲಸವನ್ನು ದಶಕಗಳ ಕಾಲ ಮಾಡಿದ್ದಾರೆ. ಎಂ. ಎಂ. ಕಲಬುರ್ಗಿಯವರ ಹತ್ಯೆ (2015) ಆದ ಎರಡು ವರ್ಷಕ್ಕೆ ವಿಧಾನಮಂಡಲ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಯುವ ಮಸೂದೆಯನ್ನು ಒಪ್ಪಿತು. 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ಕುಕ್ಕೆ ಸುಬ್ರಹ್ಮಣ್ಯದ ಚಂಪಾ ಷಷ್ಠಿಯಲ್ಲಿ ಬ್ರಾಹ್ಮಣರು ಉಂಡ ಎಲೆಗಳ ಮೇಲೆ ಉರುಳುತ್ತಿದ್ದ ಮಡೆಸ್ನಾನಕ್ಕೆ 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಹರಕೆ ಹೊತ್ತವರಲ್ಲಿ ಅನೇಕರು ತಮ್ಮ ಇಚ್ಛೆಯಿಂದಲೇ ಉರುಳುತ್ತೇವೆಂದು ಹೇಳಿಕೊಂಡರು. ಅಂಬಾಬಾಯಿಯ ಮಾತೂ ಅದೇ ಆಗಿತ್ತು; ನಂಬಿದವರ ಒಪ್ಪಿಗೆಯ ಮುಂದೆ ಕಾನೂನು ಎಷ್ಟು ದೂರ ಹೋಗಬೇಕು ಎಂಬ ವಾದ ಇನ್ನೂ ನಡೆದಿದೆ.

ಅನುವಾದ, ಚಿತ್ರರೂಪ, ಸ್ಮಾರಕ

‘ಇಂದಿರಾಬಾಯಿ’ಯನ್ನು ಐ.ಸಿ.ಎಸ್. ಅಧಿಕಾರಿ ಎಂ. ಇ. ಕೌಚ್‌ಮನ್ 1903ರಲ್ಲಿ ಇಂಗ್ಲಿಷಿಗೆ ತಂದರು. ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಅವರ ಹೊಸ ಇಂಗ್ಲಿಷ್ ಅನುವಾದವನ್ನು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ 2019ರಲ್ಲಿ ಪ್ರಕಟಿಸಿತು. ‘ಚೋಮನ ದುಡಿ’ಯನ್ನು ಬಿ. ವಿ. ಕಾರಂತರು 1975ರಲ್ಲಿ ತೆರೆಗೆ ತಂದರು. ‘ಬೆಟ್ಟದ ಜೀವ’, ‘ಮೂಕಜ್ಜಿಯ ಕನಸುಗಳು’ ಎರಡನ್ನೂ ನಿರ್ದೇಶಿಸಿದವರು ಪಿ. ಶೇಷಾದ್ರಿ. ಮಂಗಳೂರಿನ ಬಾವುಟಗುಡ್ಡೆಯಲ್ಲಿ 2022ರ ನವೆಂಬರಿನಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಅನಾವರಣಗೊಂಡಿತು. ಪರ್ಲಡ್ಕದ ಬಾಲವನ ಕಾರಂತರ ಸ್ಮಾರಕವಾಗಿ ಉಳಿದಿದೆ.